ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಿಗೂ ಅಂಕ ಇರಲಿ

ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ ಇಂಗ್ಲಿಷ್‌ನಲ್ಲಿ ನೂರಕ್ಕೆ ನೂರು ತೆಗೆದ ಮಕ್ಕಳ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನನಗೆ ಅದನ್ನು ಓದುವುದೇ ಖುಷಿ. ಆದರೆ ಅಂಥ ಮಕ್ಕಳಲ್ಲೂ ಎಷ್ಟೋ ಮಂದಿಗೆ ನಾಲ್ಕು ಮಾತು ಇಂಗ್ಲಿಷ್ ಆಡಲು ಬರುವುದಿಲ್ಲ. ತೊಂಬತ್ತರ ಮೇಲೆ ಅಂಕ ತೆಗೆದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲಸದ ಇಂಟರ್‌ವ್ಯೂ ಮುಗಿಸಿ ಬಂದು, 'ಮೇಡಂ, ಅವರು ಕೇಳಿದ್ದೆಲ್ಲ ಅರ್ಥ ಆಯ್ತು, ಬಾಯೇ ಬಿಡಲಾಗಲಿಲ್ಲ' ಎಂದು ಅತ್ತಿದ್ದಳು.

ಈಗ ಕೆಲವು ತಿಂಗಳಿಂದ ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಜಿಸಿಎಸ್‌ಇ ಪರೀಕ್ಷೆಗೆ ಸ್ಪ್ಯಾನಿಷ್ ತೆಗೆದುಕೊಂಡಿದ್ದಾಳೆ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ ಇಲ್ಲಿ 16ರ ವಯಸ್ಸಿನವರಿಗೆ ಜಿಸಿಎಸ್‌ಇ. ಮೊದಲೆಲ್ಲ ಫ್ರೆಂಚ್ ತೆಗೆದುಕೊಳ್ಳುವವರೇ ಜಾಸ್ತಿ ಇದ್ದರು, 2025ರಲ್ಲಿ ಸ್ಪ್ಯಾನಿಷ್ ಮುಂದೆ ಹೋಯಿತು. ಪಠ್ಯಕ್ರಮವೂ ಹೊಸದು. 2024ರ ಸೆಪ್ಟೆಂಬರ್‌ನಲ್ಲಿ ಪಾಠ ಶುರುವಾಗಿ, 2026ರ ಬೇಸಿಗೆಗೆ ಮೊದಲ ಪರೀಕ್ಷೆ.

ಈ ಪರೀಕ್ಷೆಯ ರೀತಿ ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂದು ನಾಲ್ಕು ಭಾಗ. ನಾಲ್ಕಕ್ಕೂ ಶೇ 25ರಂತೆ ಸಮ ಅಂಕ. ಅಂದರೆ ಅರ್ಧ ಅಂಕ ಕಿವಿಗೆ ಮತ್ತು ಬಾಯಿಗೆ!

ಸಂಜೆ ಅಡುಗೆಮನೆಯ ಮೇಜಿನ ಹತ್ತಿರ ಅವಳು ಅಭ್ಯಾಸ ಮಾಡುತ್ತಾಳೆ, ನಾನು ಗಡಿಯಾರ ಹಿಡಿದು ಕೂರುತ್ತೇನೆ. ತಯಾರಿಗೆ 15 ನಿಮಿಷ. ಆಮೇಲೆ ಮೊದಲು ಗೆಳತಿಯ ಜೊತೆ ಮಾತಾಡುವ ಹಾಗೆ ಒಂದು ಸಂಭಾಷಣೆ. ನಂತರ ಒಂದು ಪ್ಯಾರಾ ಗಟ್ಟಿಯಾಗಿ ಓದಬೇಕು. ಮೊನ್ನೆ ಜನ ಎಂಬರ್ಥದ 'ಹೆಂತೆ' ಎಂಬ ಪದವನ್ನು 'ಜೆಂತೆ' ಎಂದುಬಿಟ್ಟಳು. ತಾನೇ ನಿಲ್ಲಿಸಿ, ಗಂಟಲಿನಿಂದ 'ಹ' ಹೊರಡಿಸಿ ಮತ್ತೆ ಓದಿದಳು. 'ತ', 'ದ' ಹೇಳುವಾಗ ನಾಲಿಗೆ ಹಲ್ಲಿಗೆ ತಾಗಬೇಕು ಎಂದು ಟೀಚರ್ ಇಡೀ ಕ್ಲಾಸಿಗೆ ಹೇಳಿಕೊಡುತ್ತಾರಂತೆ. ಮನೆಯಲ್ಲಿ ಕನ್ನಡ ಮಾತಾಡುವ ಇವಳಿಗೆ ಅದು ಸಲೀಸು. ಕೊನೆಗೆ ಎರಡು ಫೋಟೊ ಕೊಡುತ್ತಾರೆ. ಪಾರ್ಕಿನಲ್ಲಿ ಊಟ ಮಾಡುವ ಮನೆಮಂದಿ, ಆಟವಾಡುವ ಹುಡುಗರು, ಇಂಥವು. ಅದರಲ್ಲಿ ಕಂಡದ್ದನ್ನು ಹೇಳಬೇಕು, ಟೀಚರ್ ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಬೇಕು. ಗೈಡ್ ಬಾಯಿಪಾಠ ಮಾಡಿದರೆ ಇಲ್ಲಿ ನಡೆಯುವುದಿಲ್ಲ.

ಕೇಳುವ ಪರೀಕ್ಷೆಯಲ್ಲಿ ಈ ಸಲದಿಂದ ಉಕ್ತಲೇಖನವೂ ಇದೆ. ನಾವು ಪ್ರಾಥಮಿಕ ಶಾಲೆಯಲ್ಲೇ ಬಿಟ್ಟುಬಿಟ್ಟ ಉಕ್ತಲೇಖನ! ಕೇಳಿದ್ದನ್ನು ತಪ್ಪಿಲ್ಲದೆ ಬರೆದರೆ ಕಿವಿ ಪಳಗಿದೆ ಎಂದೇ ಅರ್ಥ ಅಲ್ವಾ?

ಎಲ್ಲವೂ ಚೆನ್ನಾಗಿದೆ ಅನ್ನಲಾರೆ. ಮಕ್ಕಳನ್ನು ಮೊದಲೇ ಎರಡು ಹಂತಕ್ಕೆ ಹಂಚುತ್ತಾರೆ. ಕೆಳಗಿನ ಹಂತದವರು ಎಷ್ಟು ಚೆನ್ನಾಗಿ ಬರೆದರೂ 9ರಲ್ಲಿ 5ನೇ ಗ್ರೇಡ್ ದಾಟುವಂತಿಲ್ಲ. ಇದು ನನಗೆ ಹಿಡಿಸಲಿಲ್ಲ. 2004ರಿಂದ 14 ವರ್ಷದ ಮೇಲೆ ಬೇರೆ ಭಾಷೆ ಕಲಿಯುವುದು ಕಡ್ಡಾಯವೂ ಅಲ್ಲ.

ನಮ್ಮ ಎಸ್‌ಎಸ್‌ಎಲ್‌ಸಿಗೆ ಬರೋಣ. ದ್ವಿತೀಯ ಭಾಷೆ ಇಂಗ್ಲಿಷ್‌ಗೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕ ಶಾಲೆಯ ಕೈಯಲ್ಲಿ. ಆ 80ರಲ್ಲಿ ಪದ್ಯದ ಸಾಲು, ಪತ್ರ, ಪ್ರಬಂಧ ಎಲ್ಲ ಇದೆ, ಮಗು ಬಾಯಿ ತೆರೆಯುವ ಪ್ರಶ್ನೆ ಒಂದೂ ಇಲ್ಲ. ಉಳಿದ 20ನ್ನು ನಾನು ಕಂಡ ಶಾಲೆಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ಕೊಡುತ್ತಿದ್ದರು. ಪರೀಕ್ಷೆಗೆ ಬಾರದ್ದನ್ನು ಕಲಿಸಲು ಮೇಷ್ಟ್ರಿಗೂ ಪುರುಸೊತ್ತಿಲ್ಲ, ಕಲಿಯಲು ಮಕ್ಕಳಿಗೂ ಮನಸ್ಸಿಲ್ಲ.

ವರ್ಷಕ್ಕೆ 8 ಲಕ್ಷಕ್ಕೂ ಜಾಸ್ತಿ ಮಕ್ಕಳು, ಅಷ್ಟೂ ಜನರನ್ನು ಮಾತಾಡಿಸುವವರು ಯಾರು ಎಂದು ಕೇಳಬಹುದು. ಇಲ್ಲಿ ಹೊರಗಿನಿಂದ ಯಾರೂ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಯ ಟೀಚರೇ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿ ರೆಕಾರ್ಡ್ ಮಾಡುತ್ತಾರೆ. ಮೊಮ್ಮಗಳ ಬೋರ್ಡಿನಲ್ಲಿ ಆ ರೆಕಾರ್ಡಿಂಗ್ ಕೇಳಿ ಅಂಕ ಕೊಡುವವರು ಬೋರ್ಡಿನ ಪರೀಕ್ಷಕರು. 2024ರಲ್ಲಿ ನಮ್ಮ ಪರೀಕ್ಷಾ ಕೊಠಡಿಗಳಿಗೆಲ್ಲ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದವರಿಗೆ ಐದು ನಿಮಿಷದ ಮಾತು ರೆಕಾರ್ಡ್ ಮಾಡಿಸುವುದು ಕಷ್ಟವೇ?

ಒಂದೇ ಸಲ ರಾಜ್ಯಕ್ಕೆಲ್ಲ ಬೇಡ. ಜಿಲ್ಲೆಗೊಂದು ತಾಲ್ಲೂಕಿನಲ್ಲಿ ಮೊದಲು ಮಾಡಿ ನೋಡಲಿ. ಆ 20 ಅಂಕದಲ್ಲೇ ಹತ್ತನ್ನು ಮಾತಿಗೆ, ಹತ್ತನ್ನು ಕೇಳಿ ಬರೆಯುವುದಕ್ಕೆ ಇಡಲಿ. ಬೇರೆ ತಾಲ್ಲೂಕಿನ ಶಿಕ್ಷಕರು ರೆಕಾರ್ಡಿಂಗ್ ಕೇಳಿ ಅಂಕ ಕೊಡಲಿ. ಉಚ್ಚಾರಣೆ ಇಂಗ್ಲೆಂಡಿನವರಂತೆ ಇರಬೇಕಿಲ್ಲ, ನಮ್ಮ ಊರಿನ ಧಾಟಿಯಲ್ಲೇ ಇರಲಿ, ಹೇಳಿದ್ದು ತಿಳಿದರೆ ಅಂಕ ಕೊಡಬೇಕು. ಪ್ರಶ್ನೆಗಳೂ ಮಕ್ಕಳ ಮನೆ, ಸಂತೆ, ಬಸ್ಸು, ಆಟದ ಬಗ್ಗೆಯೇ ಇರಲಿ. ಶಿಕ್ಷಕರಿಗೆ ಬೇಸಿಗೆ ರಜೆಯ ತರಬೇತಿಯಲ್ಲೇ ಇದನ್ನು ಹೇಳಿಕೊಟ್ಟರೆ ಜೂನ್‌ನಿಂದಲೇ ತರಗತಿಯಲ್ಲಿ ಶುರು ಮಾಡಬಹುದು.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಸಾಗರ