'ರಂಧ್ರ' ಎಂದರೆ ತೂತಲ್ಲ

ಮಾನ್ಯರೇ,

ಪೆರೋವ್‌ಸ್ಕೈಟ್ ಎಂಬ ಸ್ಫಟಿಕ ವಸ್ತು ಬೆಳಕು ಹೀರುವ ಸೌರಕೋಶಗಳ ಸುದ್ದಿ ಬಂದಾಗಲೆಲ್ಲ ಶೀರ್ಷಿಕೆಯಲ್ಲಿ ದಕ್ಷತೆಯ ಅಂಕಿಯೊಂದೇ ರಾರಾಜಿಸುತ್ತದೆ. 2009ರಲ್ಲಿ ಶೇ 3.8ರಷ್ಟಿದ್ದದ್ದು ಈಗ ಶೇ 26 ದಾಟಿದೆ, ನಿಜ. ಆದರೆ ಕೋಶದ ಬಾಳಿಕೆಯಲ್ಲಿ ದೊಡ್ಡ ಪಾಲಿರುವ 'ಹೋಲ್ ಸಾಗಣೆ ಪದರ'ದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇದ್ದರೂ ಅದು 'ರಂಧ್ರ' ಎಂದು ಅನುವಾದಗೊಂಡು, ಓದುಗರು ತೂತೆಂದೇ ತಿಳಿಯುತ್ತಾರೆ. ಎಲೆಕ್ಟ್ರಾನ್ ಎದ್ದುಹೋದಾಗ ಉಳಿಯುವ ಖಾಲಿ ಜಾಗವೇ ಹೋಲ್. ಪಕ್ಕದ ಎಲೆಕ್ಟ್ರಾನ್ ಅಲ್ಲಿ ಬಂದು ಕುಳಿತರೆ ಖಾಲಿ ಜಾಗ ಅತ್ತ ಸರಿಯುತ್ತದೆ.

ಮೊದಲ ಕೋಶಗಳಲ್ಲಿ ಹೋಲ್‌ಗಳನ್ನು ಸಾಗಿಸುವ ಕೆಲಸಕ್ಕಿದ್ದ ದ್ರವ ಪೆರೋವ್‌ಸ್ಕೈಟನ್ನೇ ಕರಗಿಸಿಬಿಡುತ್ತಿತ್ತು. 2012ರಲ್ಲಿ ಸ್ಪೈರೊ-ಒಮೆಟ್ಯಾಡ್ ಎಂಬ ಘನ ಸಾವಯವ ವಸ್ತು ಆ ಜಾಗಕ್ಕೆ ಬಂತು. ಇಂದಿಗೂ ಬಳಕೆಯಲ್ಲಿರುವ ಪಾಕ ಇದು: 1 ಮಿ.ಲೀ. ಕ್ಲೋರೊಬೆಂಜೀನ್‌ಗೆ 72.3 ಮಿ.ಗ್ರಾಂ ಸ್ಪೈರೊ, 28.8 ಮೈಕ್ರೊಲೀಟರ್ ಟರ್ಟ್-ಬ್ಯೂಟೈಲ್‌ಪಿರಿಡಿನ್, 17.5 ಮೈಕ್ರೊಲೀಟರ್ ಲಿಥಿಯಂ ಲವಣದ ದ್ರಾವಣ (1 ಮಿ.ಲೀ. ಅಸಿಟೊನೈಟ್ರೈಲ್‌ನಲ್ಲಿ 520 ಮಿ.ಗ್ರಾಂ). ಸೋಸಿ, ನಿಮಿಷಕ್ಕೆ 4,000 ಸುತ್ತಿನಲ್ಲಿ 30 ಸೆಕೆಂಡು ತಿರುಗಿಸಿ ಲೇಪಿಸಿ, ರಾತ್ರಿಯಿಡೀ ಒಣಗಾಳಿಯಲ್ಲಿ ಇಡಬೇಕು. ಆಮ್ಲಜನಕ ತಾಗದೆ ಸ್ಪೈರೊ ಉತ್ಕರ್ಷಿಸುವುದಿಲ್ಲ, ವಾಹಕತೆಯೂ ಬರುವುದಿಲ್ಲ.

ತೊಡಕು ಇರುವುದೂ ಈ ಪಾಕದಲ್ಲೇ. ಲಿಥಿಯಂ ಲವಣ ಗಾಳಿಯ ತೇವವನ್ನು ಹೀರಿ ಪೆರೋವ್‌ಸ್ಕೈಟ್‌ನ ನೆತ್ತಿಯ ಮೇಲೆ ತಂದಿಡುತ್ತದೆ. ಲವಣ ಗಂಟುಕಟ್ಟದಂತೆ ತಡೆಯುವ ಪಿರಿಡಿನ್ ಮೆಲ್ಲಗೆ ಆವಿಯಾಗಿ ಹೋಗುತ್ತದೆ, ಹೋದಲ್ಲಿ ಸೂಜಿಮೊನೆಯಂಥ ತೂತು. ಹೋಲ್ ಸಾಗಿಸುವ ಪದರದಲ್ಲಿ ಇರಲೇಬಾರದ್ದು ಇಂಥ ನಿಜವಾದ ರಂಧ್ರ! ಇನ್ನು ಕೋಶ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಮೇಲಿನ ಚಿನ್ನದ ವಿದ್ಯುದ್ವಾರದ ಪರಮಾಣುಗಳು ಸ್ಪೈರೊ ದಾಟಿ ಕೆಳಗಿಳಿಯುತ್ತವೆ. ಬಿಸಿಲಿಗೊಡ್ಡಿದ ಫಲಕಕ್ಕೆ ಆ ಬಿಸಿ ಅಪರೂಪದ್ದೇನಲ್ಲ.

ಪದರಗಳ ಕ್ರಮ ತಿರುವುಮುರುವಾದ ಕೋಶಗಳಲ್ಲಿ ಈಗ ಸ್ಪೈರೊ ಬದಲು ಕಾರ್ಬಜೋಲ್-ಫಾಸ್ಫೋನಿಕ್ ಆಮ್ಲದ ಅಣುಗಳಿವೆ. 1 ಮಿಲಿಮೋಲಾರ್ ಎಥನಾಲ್ ದ್ರಾವಣವನ್ನು ಐಟಿಒ ಗಾಜಿಗೆ (ವಿದ್ಯುತ್ ಹರಿಯುವ ಪಾರದರ್ಶಕ ಲೇಪನವಿರುವ ಗಾಜು) ಲೇಪಿಸಿ, 100 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿದರೆ ಸಾಕು, ಸುಮಾರು ಒಂದೇ ಅಣು ದಪ್ಪದ ಪದರ ಕೂರುತ್ತದೆ. ಲಿಥಿಯಂ ಬೇಡ. ಆದರೆ ಗಾಜನ್ನು ಮೊದಲು ನೇರಳಾತೀತ ಬೆಳಕು ಮತ್ತು ಓಜೋನ್‌ಗೆ ಒಡ್ಡದಿದ್ದರೆ ಅಣುಗಳು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಈ ಪೈಕಿ ಮಿ-4ಪ್ಯಾಕ್‌ಜ್ ಎಂಬ ಅಣುವಿನ ಪದರದ ಮೇಲೆ ಪೆರೋವ್‌ಸ್ಕೈಟ್ ದ್ರಾವಣ ತಾವರೆ ಎಲೆಯ ನೀರಿನಂತೆ ಜಾರುವುದುಂಟು. ಅಲ್ಯೂಮಿನಾದ (ಅಲ್ಯೂಮಿನಿಯಂ ಆಕ್ಸೈಡ್) ನ್ಯಾನೊಕಣಗಳನ್ನು ತೆಳ್ಳಗೆ ಹರಡಿದರೆ ನಿಲ್ಲುತ್ತದೆ.

ಮುಂದಿನ ದಾಖಲೆಯ ಸುದ್ದಿ ಬರೆಯುವಾಗ ವರದಿಗಾರರು ಹೋಲ್ ಪದರ ಯಾವುದು, ಎಷ್ಟು ಬಿಸಿಯಲ್ಲಿ ಎಷ್ಟು ಗಂಟೆ ಪರೀಕ್ಷಿಸಿದರು ಎಂದು ಕೇಳಲಿ. ವಿಸ್ತೀರ್ಣವನ್ನೂ ಕೇಳಲಿ. ಹೆಚ್ಚಿನ ದಾಖಲೆಗಳು 1 ಚದರ ಸೆಂ.ಮೀ.ಗಿಂತ ಚಿಕ್ಕ ತುಣುಕಿನವು.

– ಸೌರಕೋಶ ಸಂಶೋಧಕರು