ಭಾನುವಾರ ಹಳೇ ಕಾರುಗಳ ಚಳಿಗಾಲದ ತಪಾಸಣೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ದಾವಣಗೆರೆ ವಿದ್ಯಾನಗರದ ನಮ್ಮ ಮನೆ ಹತ್ರ ಸೇರೋಣ. ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡಿರೋರು, ಅದರಲ್ಲೂ ತಿಂಗಳಿಂದ ಗಾಡಿ ಹೊರಗೆ ತೆಗೆಯದವರು ತಪ್ಪದೆ ಬನ್ನಿ.

ನಮ್ಮೂರಲ್ಲಿ ನೀರು ಹೆಪ್ಪುಗಟ್ಟೋ ಚಳಿ ಇಲ್ಲ, ಆದರೆ ಧನುರ್ಮಾಸದ ಇಬ್ಬನಿ ಸುಮ್ಮನೆ ಬಿಡಲ್ಲ. ಮೊನ್ನೆ ನನ್ನ ಪದ್ಮಿನಿ ಎಷ್ಟು ಸೆಲ್ಫ್ ಹೊಡೆದರೂ ಏಳಲಿಲ್ಲ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಭಾಗ) ಕ್ಯಾಪ್ ಬಿಚ್ಚಿದರೆ ಒಳಗೆಲ್ಲ ಸಾಸಿವೆ ಕಾಳಿನಷ್ಟು ನೀರಿನ ಹನಿ! ಒಣ ಬಟ್ಟೆಯಲ್ಲಿ ಒರೆಸಿ ಚೋಕ್ ಎಳೆದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು.

ಬರೋ ಮುಂಚೆ ಬ್ಯಾಟರಿ ನೋಡಿಕೊಳ್ಳಿ. ರಾತ್ರಿಯೆಲ್ಲ ನಿಂತ ಮೇಲೂ 12.6 ವೋಲ್ಟ್ ಹತ್ತಿರ ಇರಬೇಕು, 12.4ಕ್ಕಿಂತ ಇಳಿದಿದ್ದರೆ ಚಾರ್ಜಿಗೆ ಹಾಕಿ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ನೀರಲ್ಲಿ ಉಜ್ಜಿ, ಒಣಗಿಸಿ, ವ್ಯಾಸಲೀನ್ ಸವರಿ. ರೇಡಿಯೇಟರಿಗೆ ದಯವಿಟ್ಟು ಬೋರ್ ನೀರು ಬೇಡ, ಒಳಗೆ ಉಪ್ಪು ಕಟ್ಟುತ್ತೆ. ಬದಲಿಗೆ ಕೂಲಂಟ್ (ಇಂಜಿನ್ ತಂಪಾಗಿಡೋ ದ್ರವ) ಹಾಕಿ, ಅದು ತುಕ್ಕನ್ನೂ ತಡೆಯುತ್ತೆ.

ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರೆ ಇವತ್ತೇ ತೆಗೆಯಿರಿ, ತೇವ ಅಡಿಯಲ್ಲೇ ಕೂತು ತುಕ್ಕು ಹಿಡಿಸುತ್ತೆ. ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಇಂಜಿನ್ ಓಡಿಸಬೇಡಿ, ಹೊಗೆ ಜೀವಕ್ಕೇ ಅಪಾಯ.

ಬರೋರು ಶುಕ್ರವಾರದೊಳಗೆ ಗಾಡಿ ಯಾವುದು, ತೊಂದರೆ ಏನು ಅಂತ ಇಲ್ಲೇ ಬರೆಯಿರಿ. ವೋಲ್ಟ್ ಅಳೆಯೋ ಮಲ್ಟಿಮೀಟರ್ ಇದ್ದವರು ತನ್ನಿ. ಬೆಣ್ಣೆ ದೋಸೆ ನಮ್ಮ ಕಡೆಯಿಂದ.