ಕ್ಯಾಜುವಾಲ್ಟಿಗೆ ಹೊರಟ ಮಗಳಿಗೆ

ಗದಗ

ಚಿ. ಸುಧಾಳಿಗೆ ದೊಡ್ಡವ್ವನ ಆಶೀರ್ವಾದ.

ಹುಬ್ಬಳ್ಳಿಯಲ್ಲಿ ನಿನಗೆ ಕ್ಯಾಜುವಾಲ್ಟಿ ಡ್ಯೂಟಿ ಬಂತು ಅಂತ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಉಳಿದದ್ದನ್ನು ಅಲ್ಲಿನ ಸಿಸ್ಟರ್‌ಗಳು ಕಲಿಸುತ್ತಾರೆ. ಶುಗರ್ ಲೋ ಆಗಿ ಬರುವವರ ಬಗ್ಗೆ ಮಾತ್ರ ನಾನೇ ಬರೀಬೇಕು ಅನಿಸಿತು.

ಬೆವರು, ನಡುಕ, ಎದೆ ಡವಡವ, ಹಸಿವು ಅಂತ ನೀನು ಓದಿದ್ದೀಯ. ನಮ್ಮ ಕಡೆಯವರು ಹಾಗೆ ಬಿಡಿಸಿ ಹೇಳಲ್ಲ. "ಜೀವಕ್ಕ ಒಂಥರಾ ಆಗಾಕತ್ತೈತ್ರಿ, ಕಣ್ಣಿಗೆ ಕತ್ತಲಿ ಬರ್ತೈತಿ" ಅಂತಾರೆ. ಇನ್ನೂ ಇಳಿದರೆ ಅದೂ ಇಲ್ಲ. ತೊದಲುತ್ತಾರೆ, ಬೈಯುತ್ತಾರೆ, ಸಲಾಯಿನ್ ಕಿತ್ತು ಒಗೆಯುತ್ತಾರೆ. ಆಗ ಯಾರಾದರೂ "ಕುಡದು ಬಂದಾನ, ಬಿಡ್ರಿ" ಅನ್ನುತ್ತಾರೆ. ನೀನು ಅನ್ನಬೇಡ. ಊಟ ಬಿಟ್ಟು ಕುಡಿದವನಿಗೂ ಶುಗರ್ ಇಳಿಯುತ್ತೆ. ವಾಸನೆ ಬಂದರೂ ಬೆರಳು ಚುಚ್ಚಿ ನೋಡು.

ಅಣ್ಣಿಗೇರಿ ಕಡೆಯ ಒಬ್ಬ ಅಜ್ಜನನ್ನು ಲಕ್ವಾ ಹೊಡೆದಿದೆ ಅಂತ ಟಂಟಂನಲ್ಲಿ ಮಲಗಿಸಿಕೊಂಡು ಬಂದಿದ್ದರು. ಬಲಗೈ ಏಳುತ್ತಿರಲಿಲ್ಲ, ಮಾತು ನಿಂತಿತ್ತು. ಚಳಿಗಾಲ, ಆದರೂ ಅಂಗಿ ತೊಯ್ದು ಮೈಗೆ ಅಂಟಿತ್ತು. ನೋಡಿದರೆ ಶುಗರ್ 32. ಡಾಕ್ಟರು ನರಕ್ಕೆ 25% ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸ್ ನೀರು, ಕೊಡಿಸಿದರು. ಸ್ವಲ್ಪ ಹೊತ್ತಿಗೆ ಅದೇ ಬಲಗೈಯಿಂದ ಹೆಗಲು ತಡವಿಕೊಂಡು "ನನ್ನ ಟಾವೆಲ್ ಎಲ್ಲೈತಿ?" ಅಂದ!

70ಕ್ಕಿಂತ ಕೆಳಗಿದ್ದರೆ ಲೋ. 54ಕ್ಕಿಂತ ಕೆಳಗಿದ್ದರೆ ಓಡು. ನಡುಕ ಇಲ್ಲ ಅಂತ ಸುಮ್ನಿರಬೇಡ. ವರ್ಷಗಟ್ಟಲೆ ಇನ್ಸುಲಿನ್ ತಗೊಂಡವರಲ್ಲಿ ಕೆಲವರಿಗೆ ಮುನ್ಸೂಚನೆಯೇ ಬರಲ್ಲ. ಬಿಪಿಗೆ ಅಟೆನೊಲಾಲ್ ಥರದ ಗುಳಿಗೆ ನುಂಗುವವರಲ್ಲಿ ನಡುಕ, ಡವಡವ ಮುಚ್ಚಿಹೋಗುತ್ತೆ; ಬೆವರು ಮಾತ್ರ ಉಳಿಯುತ್ತೆ. ಬೆರಳು ಒರೆಸಿ, ಒಣಗಿದ ಮೇಲೆ ಚುಚ್ಚು. ದಾರಿಯಲ್ಲಿ ಪೇಢಾ ತಿಂದ ಕೈ ಆಗಿದ್ದರೆ ಮೀಟರು ಸುಳ್ಳು ಹೇಳುತ್ತೆ. ಎಚ್ಚರ ಇದ್ದವರಿಗೂ ಪೇಢಾ ಬೇಡ, ಜಿಡ್ಡಿಗೆ ಸಕ್ಕರೆ ತಡವಾಗಿ ಏರುತ್ತೆ. ನೀರಲ್ಲಿ 15 ಗ್ರಾಂ ಸಕ್ಕರೆ ಕದಡಿ ಕೊಡು, 15 ನಿಮಿಷಕ್ಕೆ ಮತ್ತೆ ನೋಡು. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಲು ಬಿಡಬೇಡ.

ನನಗೆ ಜಾಸ್ತಿ ಭಯ ಎದ್ದು ಕೂತವರದ್ದೇ. ಮಾತಾಡಿದ ಕೂಡಲೇ ಮನೆಯವರು ಚೀಲ ಎತ್ತುತ್ತಾರೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಥರದ ಶುಗರ್ ಗುಳಿಗೆ ತಗೊಳ್ಳುವ ವಯಸ್ಸಾದವರಿಗೆ, ಅದರಲ್ಲೂ ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಗುಳಿಗೆ ಚೀಟಿ ಈಸಿಕೊಂಡು ಡಾಕ್ಟರಿಗೆ ತೋರಿಸು. ಅವರು ಹೇಳುವ ತನಕ ಕಳಿಸಬೇಡ. ಶ್ರಾವಣ, ರಂಜಾನ್ ಬಂದಾಗ "ಉಪಾಸ ಇದ್ದೂ ಗುಳಿಗಿ ತಗೊಂಡ್ರೇನ್ರಿ?" ಅಂತ ಕೇಳು. ಹೌದು ಅಂದರೆ ಅದನ್ನೂ ಕೇಸ್ ಶೀಟಿನಲ್ಲಿ ಬರೆ.

ನಿನ್ನ ದೊಡ್ಡವ್ವ